ಗೊಂಬೆಗೆ ಮೊದಲು ಡಬ್ಬ: ಮ್ಯೂಸಿಯಂ ಪ್ರದರ್ಶನದ ಹಿಂದಿನ ಡಮ್ಮಿ ವಸ್ತುಗಳು

ನಮ್ಮ ಅಜ್ಜಿ ದಸರಾ ಗೊಂಬೆ ಕೂರಿಸುವಾಗ ಗೊಂಬೆಗಳ ಟ್ರಂಕನ್ನು ಎಲ್ಲಕ್ಕಿಂತ ಕೊನೆಗೆ ತೆರೆಯುತ್ತಿದ್ದರು. ಮೊದಲು ಪೆಟ್ಟಿಗೆ, ಹಲಗೆ ಜೋಡಿಸಿ ಏಳು ಮೆಟ್ಟಿಲು ಕಟ್ಟುತ್ತಿದ್ದರು. ಮೇಲೆ ಬಿಳಿ ಪಂಚೆ ಹಾಸುತ್ತಿದ್ದರು. ಆಮೇಲೆ ಅಡುಗೆಮನೆಯಿಂದ ಡಬ್ಬಗಳು ಬರುತ್ತಿದ್ದವು. ಅವಲಕ್ಕಿ ಡಬ್ಬ ಇಟ್ಟ ಕಡೆ ಪಟ್ಟದ ರಾಜ. ಕಾಫಿಪುಡಿ ಡಬ್ಬ ಇಟ್ಟ ಕಡೆ ರಾಣಿ. ಸಾಲು ಲೋಟಗಳೆಲ್ಲ ಸೈನಿಕರು. ಅರ್ಧ ದಿನ ಡಬ್ಬಗಳನ್ನೇ ಹಿಂದೆ ಮುಂದೆ ಸರಿಸುತ್ತಿದ್ದರು, ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು, ಮತ್ತೆ ಸರಿಸುತ್ತಿದ್ದರು. ಎಲ್ಲ ಸರಿ ಅನ್ನಿಸಿದ ಮೇಲೆ ಟ್ರಂಕು ತೆರೆಯುವುದು. ಹಳೇ ಸೀರೆ ತುಂಡಿನಿಂದ ಬಿಚ್ಚಿದ ಮಣ್ಣಿನ ಗೊಂಬೆ ನೇರ ತನ್ನ ಜಾಗಕ್ಕೇ ಹೋಗಬೇಕು. ನಡುವೆ ಎಲ್ಲೂ ಇಡುವ ಹಾಗಿಲ್ಲ.

ಮ್ಯೂಸಿಯಂ ಪ್ರದರ್ಶನ ಜೋಡಿಸುವ ಕೆಲಸಕ್ಕೆ ಬಂದ ಮೇಲೆ ನನಗೆ ಗೊತ್ತಾಯಿತು, ದೊಡ್ಡ ದೊಡ್ಡ ಮ್ಯೂಸಿಯಂಗಳು ಮಾಡುವುದೂ ಇದನ್ನೇ. ನಾವು ಗಾಜಿನ ಪೆಟ್ಟಿಗೆಯೊಳಗೆ ನೋಡುವ ಕಂಚಿನ ವಿಗ್ರಹ, ಓಲೆಗರಿ, ಸೀರೆ ಇವೆಲ್ಲ ಅಲ್ಲಿಗೆ ಬರುವ ಎಷ್ಟೋ ವಾರ ಮೊದಲೇ ಅದೇ ಜಾಗದಲ್ಲಿ ರಟ್ಟಿನ ಪೆಟ್ಟಿಗೆ, ಥರ್ಮಾಕೋಲ್ ತುಂಡು, ಕೋರಾ ಬಟ್ಟೆ ಕೂತಿರುತ್ತವೆ. ಕೆಲಸದವರು ಇವನ್ನು ಡಮ್ಮಿ ಅಂತಾರೆ. ಕೆಲವರು ಮಾಕ್‌ಅಪ್ ಅಂತಾರೆ. ಡಮ್ಮಿ ಮಾಡುವುದು ಸುಲಭದ ಕೆಲಸದ ಹಾಗೆ ಕಾಣುತ್ತದೆ. ಆದರೆ ಯಾವ ವಸ್ತುವಿಗೆ ಎಂಥ ಡಮ್ಮಿ ಬೇಕು ಅನ್ನುವುದರಲ್ಲಿ ತುಂಬಾ ಯೋಚನೆ ಇದೆ.

ಅಸಲಿ ವಸ್ತುವನ್ನೇ ಇಟ್ಟು ನೋಡಿದರೆ ಏನಾಗುತ್ತದೆ? ಮೊದಲನೆಯದು, ಪ್ರತಿ ಸಲ ಎತ್ತಿ ಇಡುವುದೂ ಒಂದೊಂದು ಅಪಾಯ. ಹಳೇ ಓಲೆಗರಿ ಒಣಗಿ ಗರಿಗರಿಯಾಗಿರುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಬರಿಗೈಯ ಬೆವರಿನ ಉಪ್ಪು ಲೋಹದ ಮೇಲೆ ಕೂತು ಕಲೆಯಾಗುತ್ತದೆ. ಎರಡನೆಯದು ಬೆಳಕು. ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಬಟ್ಟೆ, ಕಾಗದ, ಓಲೆಗರಿಯಂಥ ವಸ್ತುಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಕೊಡುವುದಿಲ್ಲ. ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಬೆಳಕಿನ ಪೆಟ್ಟು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ, ವಾಪಸ್ ಆಗುವುದಿಲ್ಲ. 50 ಲಕ್ಸ್‌ನಲ್ಲಿ 10 ಗಂಟೆ ಇಟ್ಟರೂ 500 ಲಕ್ಸ್‌ನಲ್ಲಿ ಒಂದು ಗಂಟೆ ಇಟ್ಟರೂ ಲೆಕ್ಕ ಒಂದೇ. ಜೋಡಿಸುವ ದಿನಗಳಲ್ಲಿ ಕೋಣೆಯ ದೊಡ್ಡ ದೀಪಗಳೆಲ್ಲ ಉರಿಯುತ್ತಿರುತ್ತವೆ. ಅಂಥ ಬೆಳಕಲ್ಲಿ ನಾಲ್ಕು ದಿನ ಸೀರೆಯನ್ನು ಹಿಂದೆ ಮುಂದೆ ಸರಿಸಿದರೆ, ಜನ ನೋಡುವ ಮೊದಲೇ ಅದರ ಆಯಸ್ಸಿನ ಒಂದು ಪಾಲು ಖರ್ಚಾಗಿರುತ್ತದೆ.

ಇನ್ನೊಂದು ತೀರಾ ಸರಳ ಕಾರಣ. ವಸ್ತು ಅಲ್ಲಿ ಇರುವುದೇ ಇಲ್ಲ. ಬೇರೆ ಮ್ಯೂಸಿಯಂನಿಂದ ಎರವಲು ಬರುವ ವಸ್ತು ಉದ್ಘಾಟನೆಗೆ ಕೆಲವೇ ದಿನ ಇರುವಾಗ ಬರುತ್ತದೆ. ಅಷ್ಟರಲ್ಲಿ ಪೀಠ, ಸ್ಟ್ಯಾಂಡ್, ದೀಪ, ಫಲಕ ಎಲ್ಲ ತಯಾರಿರಬೇಕು. ಕೈಯಲ್ಲಿರುವುದು ಅಳತೆ ಮತ್ತು ಫೋಟೋ ಮಾತ್ರ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಡಮ್ಮಿ ಬೇರೆ, ಪ್ರತಿಕೃತಿ ಬೇರೆ. ಹಲ್ಮಿಡಿ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಅದನ್ನು ಮಾಡಿರುವುದು ನೋಡುವವರಿಗಾಗಿ, ಹಾಗಾಗಿ ಮೂಲದಂತೆಯೇ ಕಾಣಬೇಕು. ಡಮ್ಮಿಯನ್ನು ಮಾಡುವುದು ಜೋಡಿಸುವವರಿಗಾಗಿ. ಅದು ಮೂಲದಂತೆ ಕಾಣಬೇಕಾಗಿಲ್ಲ. ಮೂಲದ ಒಂದೇ ಒಂದು ಗುಣ ಅದರಲ್ಲಿ ಇದ್ದರೆ ಸಾಕು. ಗಾತ್ರ ಗೊತ್ತಾಗಬೇಕಾದರೆ ಗಾತ್ರ. ತೂಕ ಗೊತ್ತಾಗಬೇಕಾದರೆ ತೂಕ. ಹೊಳಪು ಗೊತ್ತಾಗಬೇಕಾದರೆ ಹೊಳಪು. ಎಲ್ಲ ಗುಣವನ್ನೂ ಒಂದೇ ಡಮ್ಮಿಯಲ್ಲಿ ತರಲು ಹೋದರೆ ಸಮಯ ಹಾಳು. ಅಷ್ಟು ಚಂದ ಮಾಡಿದ್ದನ್ನು ಕತ್ತರಿಸಲು ಆಮೇಲೆ ಮನಸ್ಸೂ ಬರುವುದಿಲ್ಲ. ಬೇಕಾದಾಗ ಕತ್ತರಿಸಿ, ಅಂಟಿಸಿ, ಬಿಸಾಡಲು ಆಗಬೇಕು. ಹೊಸದಾಗಿ ಕೆಲಸ ಕಲಿಯುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಈ ಡಮ್ಮಿಯಿಂದ ನಿಮಗೆ ಏನು ಗೊತ್ತಾಗಬೇಕು?

ಎಲ್ಲದಕ್ಕೂ ಮೊದಲು ಅಳತೆ. ಹಳೇ ರಿಜಿಸ್ಟರಿನಲ್ಲಿ ಬರೆದಿರುವ ಅಳತೆಯನ್ನು ನಂಬಬೇಡಿ. ಅದು ತಪ್ಪು ಅಂತಲ್ಲ, ಅದನ್ನು ಬರೆದ ಉದ್ದೇಶ ಬೇರೆ. ವಸ್ತುವನ್ನು ಗುರುತಿಸಲು ಬರೆದ ಅಳತೆ ಅದು, ಜೋಡಿಸಲು ಅಲ್ಲ. ಒಮ್ಮೆ ಒಂದು ಹಿತ್ತಾಳೆ ಕಾಲುದೀಪಕ್ಕೆ ನಾನು ರಿಜಿಸ್ಟರಿನ 60 ಸೆಂಟಿಮೀಟರ್ ಎತ್ತರ ನಂಬಿ ಡಮ್ಮಿ ಮಾಡಿದೆ. ಗಾಜಿನ ಹಲಗೆಗಳ ನಡುವೆ 70 ಸೆಂಟಿಮೀಟರ್ ಜಾಗ ಬಿಟ್ಟೆವು. ದೀಪ ಬಂದಾಗ ಅದರ ನೆತ್ತಿಯ ಮೇಲಿನ ಹಂಸ ಬೇರೆ ಪೊಟ್ಟಣದಲ್ಲಿ ಬಂತು. ತಿರುಗಿಸಿ ಕೂರಿಸಿದರೆ ಒಟ್ಟು 74. ರಾತ್ರಿ ಕೂತು ಎಲ್ಲ ಹಲಗೆ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅವತ್ತಿನಿಂದ ಅಳೆಯುವಾಗ ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಎತ್ತರ, ಅಗಲ, ಆಳ ಮೂರೂ ಬೇಕು. ಅತಿ ಹೆಚ್ಚು ಚಾಚಿದ ಜಾಗದಿಂದ ಅಳೆಯಬೇಕು, ವಿಗ್ರಹದ ಚಾಚಿದ ಕೈ, ಹಿಂದಿನ ಪ್ರಭಾವಳಿ ಎಲ್ಲ ಸೇರಿಸಿ. ನೆಲಕ್ಕೆ ತಾಗುವ ತಳದ ಅಳತೆ ಬೇರೆ ಬರೆಯಬೇಕು. ಭಾರ ಯಾವ ಕಡೆ ವಾಲಿದೆ ಅನ್ನುವುದನ್ನೂ ಗುರುತು ಹಾಕಬೇಕು.

ಇನ್ನು ಗಾತ್ರದ ಡಮ್ಮಿ. ಶುರುವಿನಲ್ಲಿ ಕಾಗದವೇ ಸಾಕು. ವಸ್ತುವಿನ ನೇರ ಮುಂದಿನ ಫೋಟೋವನ್ನು ನಿಜವಾದ ಅಳತೆಗೆ ಪ್ರಿಂಟ್ ಹಾಕಿಸಿ, ಅಂಚಿಗೆ ಕತ್ತರಿಸಿ, ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸುವುದು. ಚಿತ್ರಪಟಗಳಿಗೆ ಇಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಆದರೆ ಶೋಕೇಸಿನ ಒಳಗೆ ಕಾಗದ ಮೋಸ ಮಾಡುತ್ತದೆ. ಅದಕ್ಕೆ ಆಳ ಇಲ್ಲ, ನೆರಳು ಇಲ್ಲ. ಮುಂದಿನ ಬಟ್ಟಲು ಹಿಂದಿನ ನಾಣ್ಯವನ್ನು ಮರೆ ಮಾಡುತ್ತದೆ ಅನ್ನುವುದು ಕಾಗದದಲ್ಲಿ ಕಾಣುವುದಿಲ್ಲ. ಆದ್ದರಿಂದ ಎರಡನೇ ಹಂತದಲ್ಲಿ ರಟ್ಟಿನ ಪೆಟ್ಟಿಗೆ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಆದರೂ ಆಗುತ್ತದೆ, ಹಳೇ ಪಾರ್ಸೆಲ್ ಡಬ್ಬ ಆದರೂ ಆಗುತ್ತದೆ.

ಪೆಟ್ಟಿಗೆಗಳನ್ನು ಇಟ್ಟ ಮೇಲೆ ಮಾಡಬೇಕಾದ ಮುಖ್ಯ ಕೆಲಸ ಕೂತು ನೋಡುವುದು. ನಿಂತು ನೋಡುವುದನ್ನು ಎಲ್ಲರೂ ಮಾಡುತ್ತಾರೆ. ಚಿತ್ರಪಟದ ನಡುಭಾಗ ನೆಲದಿಂದ ಸುಮಾರು 145ರಿಂದ 155 ಸೆಂಟಿಮೀಟರ್ ಎತ್ತರದಲ್ಲಿ ಬರಬೇಕು ಅನ್ನುವ ರೂಢಿ ನಿಂತ ದೊಡ್ಡವರಿಗೆ ಮಾಡಿದ್ದು. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ಸುಮಾರು 110ರಿಂದ 130 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ನಾಲ್ಕನೇ ಕ್ಲಾಸಿನ ಮಗು ಇನ್ನೂ ಕೆಳಗೆ. ನಮ್ಮಲ್ಲಿ ಮ್ಯೂಸಿಯಂಗೆ ಬಸ್ಸು ಬಸ್ಸು ತುಂಬಿ ಬರುವವರು ಶಾಲೆ ಮಕ್ಕಳೇ ಅಲ್ವಾ? ಸಪಾಟಾದ ಪೆಟ್ಟಿಗೆಯಲ್ಲಿ ಮಲಗಿಸಿಟ್ಟ ನಾಣ್ಯ ಅವರಿಗೆ ಕಾಣುವುದು ಬರೀ ಅಂಚು. ಒಂದು ಸ್ಟೂಲ್ ಎಳೆದುಕೊಂಡು ಡಮ್ಮಿಯ ಮುಂದೆ ಕೂತರೆ ಇದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪೆಟ್ಟಿಗೆಯ ಕೆಳಗೆ ಒಂದು ಓರೆ ರಟ್ಟು ಕೊಟ್ಟು ಸರಿಮಾಡಬಹುದು. ಅಸಲಿ ಪೀಠ ಮಾಡಿಸಿದ ಮೇಲೆ ಗೊತ್ತಾದರೆ ಬಡಗಿಯನ್ನು ಮತ್ತೆ ಕರೆಸಬೇಕು.

ಈಗೆಲ್ಲ ಕಂಪ್ಯೂಟರಿನಲ್ಲೇ ಇಡೀ ಕೋಣೆಯನ್ನು 3ಡಿಯಲ್ಲಿ ಜೋಡಿಸಿ ನೋಡಬಹುದು. ನಾನೂ ಮಾಡುತ್ತೇನೆ. ಆದರೂ ರಟ್ಟನ್ನು ಬಿಟ್ಟಿಲ್ಲ. ಪರದೆಯ ಮೇಲೆ ವಸ್ತುಗಳು ತಾವಾಗಿಯೇ ಗಾಳಿಯಲ್ಲಿ ಬಂದು ಕೂರುತ್ತವೆ, ಅಲ್ಲಿ ಯಾರ ಕೈಯೂ ಇಲ್ಲ. ನಿಜವಾದ ಶೋಕೇಸಿಗೆ ಕೈ ಹೋಗಬೇಕು. ಕಂಚಿನ ವಿಗ್ರಹವನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ತಂದು, ಕೆಳಗಿಟ್ಟು, ಕೈಯನ್ನು ಪಕ್ಕದ ವಸ್ತುವಿಗೆ ತಾಗದಂತೆ ಹೊರಗೆ ತೆಗೆಯಬೇಕು. ಅಷ್ಟು ಜಾಗ ಇದೆಯಾ? ಬಾಗಿಲು ಪೂರ್ತಿ ತೆರೆಯುತ್ತದಾ? ಹಿಂದಿನ ಸಾಲು ಮೊದಲು ಹೋಗಬೇಕಾ, ಎಡಗಡೆಯದು ಮೊದಲು ಹೋಗಬೇಕಾ? ಡಮ್ಮಿಗಳನ್ನು ಹಿಡಿದು ಇಡೀ ಜೋಡಣೆಯನ್ನು ಒಂದು ಸಲ ಪೂರ್ತಿ ಮಾಡಿ ನೋಡಿದರೆ ಈ ಕ್ರಮ ಸಿಗುತ್ತದೆ. ಆ ಕ್ರಮವನ್ನೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ.

ತೂಕದ ವಿಷಯ ಬಂದರೆ ಒಂದು ದೊಡ್ಡ ಉದಾಹರಣೆ ಇದೆ. ಈಜಿಪ್ಟಿನ ಕೈರೋ ನಗರದ ನಡುವೆ ರೈಲು ನಿಲ್ದಾಣದ ಮುಂದೆ ಎರಡನೇ ರಾಮ್ಸೆಸ್ ದೊರೆಯ ಕಲ್ಲಿನ ಪ್ರತಿಮೆ ನಿಂತಿತ್ತು. ಸುಮಾರು 3,200 ವರ್ಷ ಹಳೆಯದು, 83 ಟನ್ ತೂಕ. ವಾಹನಗಳ ಹೊಗೆ ಮತ್ತು ನಡುಕದಿಂದ ಅದು ಹಾಳಾಗುತ್ತಿತ್ತು. ಹೊಸದಾಗಿ ಕಟ್ಟುತ್ತಿದ್ದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನ ಜಾಗಕ್ಕೆ, ಗೀಜಾಕ್ಕೆ, ಅದನ್ನು 2006ರ ಆಗಸ್ಟ್‌ನಲ್ಲಿ ಸಾಗಿಸಿದರು. ನೇರ ಎತ್ತಿಕೊಂಡು ಹೋಗಲಿಲ್ಲ. ಅದಕ್ಕೂ ಕೆಲವು ವಾರ ಮೊದಲು ಅಷ್ಟೇ ತೂಕದ ಒಂದು ಡಮ್ಮಿಯನ್ನು ವಾಹನದ ಮೇಲೆ ಹೇರಿ ಪ್ರಯೋಗ ಮಾಡಿ ನೋಡಿದರು. ಆ ಡಮ್ಮಿಯನ್ನು ಯಾರೂ ಚಂದಕ್ಕೆ ಮಾಡಿರಲಿಲ್ಲ. ರಸ್ತೆ, ಸೇತುವೆ, ವಾಹನ ಆ ಭಾರ ತಡೆಯುತ್ತವೆಯಾ ಅನ್ನುವುದು ಗೊತ್ತಾಗಬೇಕಿತ್ತು, ಅಷ್ಟೇ.

ನಮ್ಮ ಕೆಲಸದಲ್ಲಿ 83 ಟನ್ ಬರುವುದಿಲ್ಲ, ಆದರೆ ವೀರಗಲ್ಲು ಬರುತ್ತದೆ. ಒಂದೂವರೆ ಮೀಟರ್ ಎತ್ತರ, 75 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಒಂದು ವೀರಗಲ್ಲು ಅಂದುಕೊಳ್ಳಿ. ಗ್ರಾನೈಟ್ ಕಲ್ಲು ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಲೆಕ್ಕ ಹಾಕಿದರೆ ಈ ಕಲ್ಲು ಹೆಚ್ಚು ಕಡಿಮೆ 600 ಕಿಲೋ. ಅಂದರೆ 50 ಕಿಲೋದ 12 ಸಿಮೆಂಟ್ ಮೂಟೆ. ಹೊಸ ಪೀಠದ ಮೇಲೆ 12 ಮೂಟೆ ಪೇರಿಸಿ ಒಂದು ವಾರ ಬಿಟ್ಟರೆ ಪೀಠ ತಡೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ ಅನ್ನಿಸಬಹುದು. ಇಲ್ಲೇ ಎಡವುವುದು. ಮೂಟೆಗಳು ಪೀಠದ ಮೇಲೆಲ್ಲ ಹರಡಿ ಕೂರುತ್ತವೆ. ವೀರಗಲ್ಲು ನಿಲ್ಲುವುದು 75 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಒಂದು ಪಟ್ಟಿಯ ಮೇಲೆ ಮಾತ್ರ. ಇಡೀ 600 ಕಿಲೋ ಅಲ್ಲೇ ಕೂರುತ್ತದೆ. ಆದ್ದರಿಂದ ಅದೇ ಅಳತೆಯ ಗಟ್ಟಿ ಮರದ ದಿಮ್ಮಿಯನ್ನು ಕೆಳಗೆ ಇಟ್ಟು, ಮೂಟೆಗಳ ಭಾರ ಪೂರ್ತಿ ಆ ದಿಮ್ಮಿಯ ಮೇಲೇ ಬೀಳುವಂತೆ ಭದ್ರವಾಗಿ ಪೇರಿಸಬೇಕು. ವಾರ ಕಳೆದ ಮೇಲೆ ಪೀಠಕ್ಕೆ ಮಟ್ಟಗೋಲು ಇಟ್ಟು ನೋಡಿ. ಹಳೇ ಕಟ್ಟಡದ ಮೊದಲ ಮಹಡಿಯಾದರೆ ಇದಕ್ಕೂ ಮೊದಲು ಇಂಜಿನಿಯರನ್ನು ಕರೆದು ನೆಲ ತೋರಿಸಬೇಕು. ಅದನ್ನು ಮೂಟೆ ಪೇರಿಸಿ ಕಂಡುಹಿಡಿಯಲು ಹೋಗಬಾರದು.

ಆಕಾರದ ಡಮ್ಮಿ ಬೇಕಾಗುವುದು ಸ್ಟ್ಯಾಂಡ್ ಮಾಡುವವರಿಗೆ. ಮುರಿದ ಮಡಕೆಯ ತುಂಡು ಗಾಳಿಯಲ್ಲಿ ನಿಂತಂತೆ ಕಾಣುತ್ತದಲ್ಲ, ಅದರ ಹಿಂದೆ ತೆಳು ಹಿತ್ತಾಳೆ ಕಂಬಿಯ ಹಿಡಿತ ಇರುತ್ತದೆ. ಕಂಬಿಯನ್ನು ಬಗ್ಗಿಸಿ, ವಸ್ತುವಿಗೆ ತಾಗಿಸಿ ನೋಡಿ, ಮತ್ತೆ ಬಗ್ಗಿಸಿ, ಬೆಸುಗೆ ಹಾಕಿ, ಹೀಗೆ ಇಪ್ಪತ್ತು ಮೂವತ್ತು ಸಲ ಆಗುತ್ತದೆ. ಅಷ್ಟು ಸಲ ಅಸಲಿಗೆ ಲೋಹ ತಾಗಿಸುವುದು ಹೇಗೆ? ಈಗ ಇದಕ್ಕೆ ಒಳ್ಳೆಯ ದಾರಿ ಇದೆ. ವಸ್ತುವಿನ ಸುತ್ತ ಹತ್ತಾರು ಫೋಟೋ ತೆಗೆಯುವುದು, ಒಂದು ಫೋಟೋದಲ್ಲಿ ಕಂಡದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂದಿನ ಫೋಟೋದಲ್ಲೂ ಕಾಣುವಂತೆ. ಸಾಫ್ಟ್‌ವೇರ್ ಅವನ್ನೆಲ್ಲ ಸೇರಿಸಿ 3ಡಿ ಆಕಾರ ಕಟ್ಟುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಅಂಥ ಸ್ಕ್ಯಾನ್ ಇದ್ದರೆ ಬೇಕಾದ ಭಾಗವನ್ನು ಪ್ರಿಂಟ್ ಹಾಕಿಸಿಕೊಳ್ಳಬಹುದು.

ಇಲ್ಲಿ ಎರಡು ಎಚ್ಚರಿಕೆ. ಬರೀ ಫೋಟೋಗಳಿಂದ ಆಕಾರ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದಿರದಿದ್ದರೆ ಕಂಪ್ಯೂಟರಿಗೆ ಅದು ಗೋಲಿಯೋ ಗುಂಡುಕಲ್ಲೋ ತಿಳಿಯದು. ಇನ್ನೊಂದು, ಪ್ಲಾಸ್ಟಿಕ್ ಪ್ರಿಂಟ್ ತುಂಬಾ ಹಗುರ. ಅದನ್ನು ಹಿಡಿದು ನಿಂತ ಕಂಬಿ ಅಸಲಿ ಕಂಚನ್ನು ಇಟ್ಟ ತಕ್ಷಣ ಬಾಗಬಹುದು. ಹಾಗಾಗಿ ಟೊಳ್ಳು ಪ್ರಿಂಟ್ ಮಾಡಿಸಿ, ಒಳಗೆ ಮರಳು ಅಥವಾ ಸೀಸದ ಗುಂಡು ತುಂಬಿ ತೂಕ ಸರಿಮಾಡಿ, ತೂತು ಭದ್ರವಾಗಿ ಮುಚ್ಚುತ್ತೇವೆ. ಅಸಲಿ ವಸ್ತು ಸ್ಟ್ಯಾಂಡಿಗೆ ತಾಗುವುದು ಕೊನೆಯಲ್ಲಿ ಒಂದೋ ಎರಡೋ ಸಲ. ಅದೂ ಕಂಬಿಗೆ ಮೆತ್ತನೆಯ ಪದರ ಸುತ್ತಿದ ಮೇಲೆ.

ನನಗೆ ತುಂಬಾ ಇಷ್ಟವಾದದ್ದು ಬಟ್ಟೆಯ ಡಮ್ಮಿ. ಉಡುಪುಗಳನ್ನು ಪ್ರದರ್ಶಿಸುವ ಮ್ಯೂಸಿಯಂಗಳಲ್ಲಿ ಹಳೇ ಉಡುಪಿನ ಅಳತೆ ತೆಗೆದು, ಕೋರಾ ಬಟ್ಟೆಯಲ್ಲಿ ಅಂಥದ್ದೇ ಒಂದನ್ನು ಹೊಲಿಯುತ್ತಾರೆ. ಬೊಂಬೆಗೆ ಅದನ್ನು ತೊಡಿಸಿ, ಬಿಚ್ಚಿ, ಭುಜ ಸೊಂಟಕ್ಕೆ ಹತ್ತಿ ತುಂಬಿ, ಮತ್ತೆ ತೊಡಿಸಿ ಮೈಕಟ್ಟು ಸರಿಮಾಡುತ್ತಾರೆ. ಅಸಲಿ ಉಡುಪನ್ನು ತೊಡಿಸುವುದು ಕೊನೆಗೆ.

ಸೀರೆಗೆ ಹೊಲಿಗೆಯ ಅಳತೆ ಇಲ್ಲ, ಅದಕ್ಕೆ ಇರುವುದು ಬೀಳುವ ಬಗೆ. ಕಸೂತಿ ಹಾಕಿದ ಹಳೇ ಇಳಕಲ್ ಸೀರೆ ಅಂದುಕೊಳ್ಳಿ. ಒಡಲು ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಕೂಡಿಸುವುದು ತೋಪು ತೆನೆ ಅನ್ನುವ ಜೋಡಣೆ. ಎರಡರ ತೂಕವೂ ಬೇರೆ, ನೆರಿಗೆ ಬೀಳುವ ಬಗೆಯೂ ಬೇರೆ. ಒಂದೇ ಕೋರಾ ಬಟ್ಟೆಯಲ್ಲಿ ಡಮ್ಮಿ ಮಾಡಿದರೆ ಅಸಲಿ ಬಂದಾಗ ಸೆರಗು ಬೇರೆಯೇ ರೀತಿ ಜಾರುತ್ತದೆ. ಸೀರೆಯಿಂದ ತುಂಡು ಕತ್ತರಿಸಿ ತೂಗುವ ಹಾಗಿಲ್ಲ. ಆದರೆ ಇಡೀ ಸೀರೆಯನ್ನು ತೂಗಬಹುದು. ಐದೂವರೆ ಮೀಟರ್ ಉದ್ದ, 1.2 ಮೀಟರ್ ಅಗಲ ಅಂದರೆ 6.6 ಚದರ ಮೀಟರ್. ತೂಕ 600 ಗ್ರಾಂ ಇದ್ದರೆ ಚದರ ಮೀಟರಿಗೆ ಸುಮಾರು 91 ಗ್ರಾಂ. ಇದು ಇಡೀ ಸೀರೆಯ ಸರಾಸರಿ. ಈ ಲೆಕ್ಕ ಹಿಡಿದು ಬಟ್ಟೆ ಅಂಗಡಿಗೆ ಹೋಗಿ, ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆಯ ಹಾಗೆ ಜಾರುವ ಬಟ್ಟೆ ಹುಡುಕಿ, ಕೂಡಿಸಿ ಹೊಲಿದರೆ ನಂಬುವಂಥ ಡಮ್ಮಿ ಸಿಗುತ್ತದೆ.

ಅದರಿಂದ ಎಷ್ಟೋ ವಿಷಯ ಗೊತ್ತಾಗುತ್ತದೆ. ಕಸೂತಿಯ ಗವಂತಿ ಹೊಲಿಗೆ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಆ ಕೈಚಳಕ ಗೊತ್ತಾಗಬೇಕಾದರೆ ಸೀರೆಯ ಎರಡೂ ಬದಿ ಕಾಣಬೇಕು. ಗೋಡೆಗೆ ಹಚ್ಚಿದರೆ ಅರ್ಧ ಕಥೆ ಮರೆಯಾಗುತ್ತದೆ. ದುಂಡು ಕೊಳವೆಯ ಮೇಲೆ ಇಳಿಬಿಟ್ಟು ಸುತ್ತ ನಡೆಯಲು ದಾರಿ ಬಿಟ್ಟರೆ? ಇಳಿಬಿದ್ದ ಭಾರ ಹಳೇ ಎಳೆಗಳಿಗೆ ಜಾಸ್ತಿ ಆಗುತ್ತದಾ? ಓರೆ ಹಲಗೆಯ ಮೇಲೆ ಹಾಸಿ, ಅಂಚು ಮಡಿಸಿ ಒಳಬದಿ ತೋರಿಸಿದರೆ ಸಾಕಾ? ಡಮ್ಮಿ ಸೀರೆಯ ಮೇಲೆ ಮಾರ್ಕರಿನಲ್ಲಿ ಗೋಪುರ, ತೇರು ಬರೆದು ಮೂರೂ ರೀತಿ ಇಟ್ಟು ನೋಡಿದ್ದೇವೆ. ನನ್ನ ಓಟು ಓರೆ ಹಲಗೆಗೆ. ಸೀರೆಗೆ ನೋವಾಗುವುದು ಅದರಲ್ಲೇ ಕಡಿಮೆ.

ಹೊಳಪಿಗೆ ಬಂದರೆ ರಟ್ಟಿನ ಪೆಟ್ಟಿಗೆ ಏನೂ ಹೇಳುವುದಿಲ್ಲ. ಬಿದರಿ ಹೂಜಿ ಗೊತ್ತಲ್ಲ, ಸತು ಮತ್ತು ತಾಮ್ರದ ಮಿಶ್ರಲೋಹ, ಕಪ್ಪು ಮೈ, ಅದರಲ್ಲಿ ಬೆಳ್ಳಿ ಬಳ್ಳಿ. ದೀಪ ನೇರ ಬಿದ್ದರೆ ಬೆಳ್ಳಿ ಕಣ್ಣು ಕುಕ್ಕುತ್ತದೆ, ಓರೆಯಾದರೆ ಇಡೀ ಹೂಜಿ ಕಪ್ಪು ಮುದ್ದೆ. ಇದಕ್ಕೆ ನಾವು ಮಾಡುವ ಡಮ್ಮಿ ತುಂಬಾ ಅಗ್ಗ. ಹಳೇ ಸ್ಟೀಲ್ ಚೊಂಬಿಗೆ ಮಂಕು ಕಪ್ಪು ಬಣ್ಣ ಬಳಿದು, ಚಪಾತಿ ಸುತ್ತುವ ಫಾಯಿಲಿನ ಸಣ್ಣ ಪಟ್ಟಿಗಳನ್ನು ಅಂಟಿಸುವುದು. ದೂರದಿಂದಲೂ ಅದನ್ನು ಬಿದರಿ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಆದರೆ ದೀಪವನ್ನು ಎಲ್ಲಿ ನಿಲ್ಲಿಸಬೇಕು ಅಂತ ಅದು ಸರಿಯಾಗಿ ಹೇಳುತ್ತದೆ.

ಪ್ರಯೋಗ ಮುಗಿದ ಮೇಲೆ ಆ ಚೊಂಬನ್ನು ಶೋಕೇಸಿನೊಳಗೆ ಬಿಡಬಾರದು. ಡಮ್ಮಿ ಮಾಡಿದ ಬಣ್ಣ, ಅಂಟು, ಪ್ಲೈವುಡ್, ಉಣ್ಣೆ ಬಟ್ಟೆ ಇವೆಲ್ಲ ಸದಾ ಸಣ್ಣಗೆ ಆವಿ ಬಿಡುತ್ತಿರುತ್ತವೆ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಆ ಆವಿ ಹೊರಗೆ ಹೋಗದೆ ಸೇರುತ್ತಾ ಹೋಗುತ್ತದೆ. ಮರದಿಂದ ಬರುವ ಅಸಿಟಿಕ್ ಆಮ್ಲ ಸೀಸವನ್ನು ತಿನ್ನುತ್ತದೆ. ಉಣ್ಣೆಯಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಬಿದರಿಯ ಬೆಳ್ಳಿಗೂ ಅದೇ ಗತಿ. ಶೋಕೇಸಿನಲ್ಲಿ ಕಾಯಂ ಉಳಿಯುವ ಬಟ್ಟೆ, ಬಣ್ಣ, ಹಲಗೆಗಳನ್ನು ಮೊದಲೇ ಪರೀಕ್ಷೆ ಮಾಡುವ ಪದ್ಧತಿ ಇದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಇದನ್ನು ರೂಪಿಸಿದರು, ಹಾಗಾಗಿ ಆಡಿ ಪರೀಕ್ಷೆ ಅನ್ನುತ್ತಾರೆ. ಈಗ ಮಾಡುವ ರೀತಿ ಹೀಗಿದೆ. ಗಾಜಿನ ಕೊಳವೆಯಲ್ಲಿ ಆ ಸಾಮಗ್ರಿಯ ಚೂರು, ಸ್ವಲ್ಪ ನೀರು, ಜೊತೆಗೆ ಬೆಳ್ಳಿ, ತಾಮ್ರ, ಸೀಸದ ತುಂಡು ಇಟ್ಟು ಗಟ್ಟಿಯಾಗಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಬಿಡುತ್ತಾರೆ. ಲೋಹದ ತುಂಡುಗಳು ಕಪ್ಪಾದರೆ, ಬೂಷ್ಟು ಹಿಡಿದಂತಾದರೆ ಆ ಸಾಮಗ್ರಿ ಬೇಡ. ಡಮ್ಮಿಗಳಿಗೆ ಇಷ್ಟೆಲ್ಲ ಪರೀಕ್ಷೆ ಬೇಕಾಗಿಲ್ಲ. ಅವು ಅಸಲಿಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇರದಂತೆ ನೋಡಿಕೊಂಡು, ಅಸಲಿ ಬರುವ ಮೊದಲು ಪೆಟ್ಟಿಗೆ ಒರೆಸಿ, ಕೆಲವು ದಿನ ಬಾಗಿಲು ತೆರೆದು ಗಾಳಿಗೆ ಬಿಟ್ಟರೆ ಸಾಕು.

ಪ್ರತಿ ಡಮ್ಮಿಯ ಮೇಲೂ ಅಸಲಿಯ ದಾಖಲೆ ಸಂಖ್ಯೆ, ತೂಕ, ಮುಂಬದಿ ಯಾವುದು ಅನ್ನುವ ಬಾಣ ದಪ್ಪಗೆ ಬರೆದಿರುತ್ತೇವೆ. ಜೋಡಣೆಗೆ ಕೆಲವು ದಿನ ಮೊದಲು ಎಲ್ಲ ಡಮ್ಮಿಗಳೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಪ್ರತಿಯೊಂದರ ಸುತ್ತ ಪೆನ್ಸಿಲ್ ಗುರುತು ಹಾಕಿ, ಎಲ್ಲವನ್ನೂ ಹೊರಗೆ ತೆಗೆದು ಪೆಟ್ಟಿಗೆಯನ್ನು ಗಾಳಿಗೆ ಬಿಡುತ್ತೇವೆ. ಜೋಡಣೆಯ ದಿನ ಗೋಡೆಯ ಮೇಲಿನ ಪಟ್ಟಿ ನೋಡಿ ಒಬ್ಬರು ಸಂಖ್ಯೆ ಕೂಗುತ್ತಾರೆ, ಗ್ಲೌಸ್ ಹಾಕಿದ ಇಬ್ಬರು ಅಸಲಿ ತರುತ್ತಾರೆ. ಯಾರೂ ಜಾಸ್ತಿ ಮಾತಾಡುವುದಿಲ್ಲ. ಸಂಜೆಗೆ ಮೂಲೆಯ ಟೇಬಲ್ ಮೇಲೆ ರಟ್ಟು, ಕೋರಾ ಬಟ್ಟೆ, ಕಪ್ಪು ಚೊಂಬುಗಳ ರಾಶಿ. ಅದನ್ನು ರದ್ದಿಗೆ ಹಾಕುವುದಿಲ್ಲ. ಬೆಳಕಿನ ಲೆಕ್ಕಕ್ಕಾಗಿ ಬಟ್ಟೆ, ಓಲೆಗರಿಗಳನ್ನು ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಿರಬೇಕು, ಆಗ ಹೊಸ ವಸ್ತುವಿಗೆ ಜಾಗ ಹುಡುಕಲು ಹಳೇ ಡಮ್ಮಿಗಳೇ ಮತ್ತೆ ಬರುತ್ತವೆ. ಪ್ರದರ್ಶನ ಮುಗಿದು ಎಲ್ಲವನ್ನೂ ಇಳಿಸುವ ದಿನ ಗೋಡೆಯ ಮೇಲಿನ ಅದೇ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಓದುತ್ತೇವೆ.